ಸಾವಿನ ಸಂಖ್ಯೆ ಇಳಿದಿದೆ, ರಸ್ತೆ ದಾಟುವ ಭಯ ಏರಿದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ನಮ್ಮದು ದೊಡ್ಡ ನಗರಕ್ಕೆ ಅಂಟಿಕೊಂಡಿರುವ ಊರು. ಹತ್ತು ಹದಿನೈದು ವರ್ಷದಲ್ಲಿ ತುಂಬಾ ಬೆಳೆದಿದೆ. ಊರಿನ ನಡುವೆಯೇ ಅಗಲವಾದ ರಸ್ತೆ ಹಾದುಹೋಗುತ್ತದೆ. ಎರಡು ವರ್ಷದ ಹಿಂದೆ ಅಪಘಾತ ಜಾಸ್ತಿಯಾಗಿ ಜನ ಸಿಟ್ಟಾದರು. ಆಮೇಲೆ ಮುಖ್ಯ ಜಂಕ್ಷನ್‌ನಲ್ಲಿ ಕ್ಯಾಮೆರಾ ಹಾಕಿದರು. ಕಳೆದ ವರ್ಷ ಸಾವು ಅರ್ಧಕ್ಕೆ ಇಳಿದಿದೆ, ಕ್ಯಾಮೆರಾ ಕೆಲಸ ಮಾಡಿದೆ ಎಂದು ಪುರಸಭೆಯವರು ಹೇಳುತ್ತಿದ್ದಾರೆ. ನನಗೆ ಹಾಗೆ ಅನಿಸುತ್ತಿಲ್ಲ. 72 ವರ್ಷದ ನನ್ನ ತಾಯಿ ರಸ್ತೆಯ ಆಚೆ ಇರುವ ಗ್ರಂಥಾಲಯಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಮಗಳನ್ನು ಒಬ್ಬಳೇ ಶಾಲೆಗೆ ಕಳಿಸುವ ಧೈರ್ಯ ನನಗಿಲ್ಲ. ಅಂಕಿಯನ್ನು ನಂಬಬೇಕಾ, ನನ್ನ ಭಯವನ್ನು ನಂಬಬೇಕಾ? ಊರಿನವರು ನಾವು ಏನು ಕೇಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಮಾಹಿತಿ ಇದೆ. ಸಾವು ಇಳಿದಿದೆ ಎನ್ನುವುದು ಒಂದು. ನಿಮ್ಮ ತಾಯಿ ಗ್ರಂಥಾಲಯಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ ಎನ್ನುವುದು ಇನ್ನೊಂದು. ಮೊದಲನೆಯದು ವರದಿಯಲ್ಲಿ ಅಚ್ಚಾಗುತ್ತದೆ. ಎರಡನೆಯದನ್ನು ಯಾರೂ ಬರೆದುಕೊಳ್ಳುವುದಿಲ್ಲ. ರಸ್ತೆ ಸುರಕ್ಷತೆಯನ್ನು ಅಳೆಯುವಾಗ ನಾನು ಎರಡಕ್ಕೂ ಒಂದೇ ಬೆಲೆ ಕೊಡುತ್ತೇನೆ. ಯಾಕೆ ಅಂತ ವಿವರವಾಗಿಯೇ ಹೇಳುತ್ತೇನೆ.

ಮೊದಲು ಪುರಸಭೆಯ ಮಾತನ್ನು ನೋಡೋಣ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಸಾವು ಇಳಿದದ್ದು ನಿಜವೇ ಇರಬಹುದು. ಆದರೆ ಸಣ್ಣ ಊರಿನ ಒಂದು ವರ್ಷದ ಲೆಕ್ಕದಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ಒಂದು ಊರಿನಲ್ಲಿ ವರ್ಷಕ್ಕೆ ಸರಾಸರಿ 6 ಜನ ಅಪಘಾತದಲ್ಲಿ ಸಾಯುತ್ತಾರೆ ಅಂದುಕೊಳ್ಳಿ. ರಸ್ತೆ ಅದೇ, ಗಾಡಿಗಳ ಸಂಖ್ಯೆ ಅದೇ, ವೇಗ ಅದೇ. ಯಾರೂ ಏನನ್ನೂ ಬದಲಾಯಿಸಿಲ್ಲ. ಆಗಲೂ ಪ್ರತಿ ವರ್ಷ ಸರಿಯಾಗಿ 6 ಸಾವು ಆಗುವುದಿಲ್ಲ. ಆರೇಳು ವರ್ಷಕ್ಕೊಮ್ಮೆ 9 ಅಥವಾ ಅದಕ್ಕಿಂತ ಹೆಚ್ಚು ಆಗುತ್ತದೆ. ಆರೇಳು ವರ್ಷಕ್ಕೊಮ್ಮೆ 3 ಅಥವಾ ಅದಕ್ಕಿಂತ ಕಡಿಮೆ ಆಗುತ್ತದೆ. ಇದು ಬರೀ ಆಕಸ್ಮಿಕದ ಏರಿಳಿತ. ಸಂಭವದ ಗಣಿತ ಹಾಕಿದರೆ ಬರುವ ಲೆಕ್ಕ.

ಈಗ ಇನ್ನೊಂದು ವಿಷಯ ಸೇರಿಸಿ. ಕ್ಯಾಮೆರಾ ಯಾವಾಗ ಬಂತು? ಅಪಘಾತ ಜಾಸ್ತಿಯಾಗಿ ಜನ ಸಿಟ್ಟಾದ ಮೇಲೆ. ಅಂದರೆ ಕೆಟ್ಟ ವರ್ಷದ ನಂತರ. ತುಂಬಾ ಕೆಟ್ಟ ವರ್ಷದ ನಂತರ ಬರುವ ವರ್ಷ ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮೂವತ್ತು ದಾಳ ಉರುಳಿಸಿ. 6 ಬಿದ್ದ ದಾಳಗಳನ್ನು ಮಾತ್ರ ಆರಿಸಿ, ಅವುಗಳ ಮೇಲೆ ಒಂದೊಂದು ಬಣ್ಣದ ಚುಕ್ಕಿ ಇಡಿ. ಮತ್ತೆ ಉರುಳಿಸಿ. ಚುಕ್ಕಿ ಇಟ್ಟ ದಾಳಗಳಲ್ಲಿ ಹೆಚ್ಚಿನವು ಈ ಸಲ 6ಕ್ಕಿಂತ ಕಡಿಮೆ ತೋರಿಸುತ್ತವೆ. ಅದು ಚುಕ್ಕಿಯ ಮಹಿಮೆ ಅಲ್ಲ, ಅಲ್ವಾ? ಹೀಗೆ ಸರಾಸರಿಯ ಕಡೆಗೆ ವಾಪಸ್ ಬರುವುದು ರಸ್ತೆ ಸುರಕ್ಷತೆಯ ಕೆಲಸದಲ್ಲಿ ಅತಿ ಹೆಚ್ಚು ಮೋಸ ಮಾಡುವ ಸಂಗತಿ. ಅನುಭವ ಇರುವ ಎಂಜಿನಿಯರ್‌ಗಳೂ ಇದರಲ್ಲಿ ಬೀಳುತ್ತಾರೆ. ತಮ್ಮ ಕೆಲಸ ಫಲ ಕೊಟ್ಟಿದೆ ಎಂದು ನಂಬಲು ಯಾರಿಗೆ ತಾನೇ ಇಷ್ಟ ಇಲ್ಲ?

ಹಾಗಂತ ಕ್ಯಾಮೆರಾ ವ್ಯರ್ಥ ಎನ್ನಬೇಡಿ. ವೇಗದ ಕ್ಯಾಮೆರಾಗಳ ಬಗ್ಗೆ ನಡೆದ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2010ರಲ್ಲಿ ಬಂತು. ಕ್ಯಾಮೆರಾದ ಆಸುಪಾಸಿನಲ್ಲಿ ಸಾವು ಮತ್ತು ತೀವ್ರ ಗಾಯದ ಅಪಘಾತಗಳು ಶೇಕಡಾ 11ರಿಂದ 44ರವರೆಗೆ ಕಡಿಮೆಯಾಗಿದ್ದವು. ಇದು ದೊಡ್ಡ ಲಾಭವೇ. ಆದರೆ ‘ಆಸುಪಾಸಿನಲ್ಲಿ’ ಎನ್ನುವ ಪದವನ್ನು ಗಮನಿಸಿ. ಕ್ಯಾಮೆರಾ ಕಂಡ ಕೂಡಲೇ ಬ್ರೇಕ್, ದಾಟಿದ ಕೂಡಲೇ ಮತ್ತೆ ಆಕ್ಸಿಲರೇಟರ್. ನಿಮ್ಮ ತಾಯಿ ರಸ್ತೆ ದಾಟುವ ಜಾಗ ಆ ಜಂಕ್ಷನ್‌ನಿಂದ ಅರ್ಧ ಕಿಲೋಮೀಟರ್ ದೂರ ಇದ್ದರೆ ಅವರಿಗೆ ಅದರಿಂದ ಏನೂ ಸಿಕ್ಕಿಲ್ಲದೇ ಇರಬಹುದು.

ಹಾಗಾಗಿ ಪುರಸಭೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ: ಕ್ಯಾಮೆರಾ ಹಾಕುವ ಮೊದಲಿನ ಐದು ವರ್ಷದ ಲೆಕ್ಕ ಎಲ್ಲಿದೆ? ಕ್ಯಾಮೆರಾ ಇಲ್ಲದ, ಅದೇ ಥರದ ಬೇರೆ ರಸ್ತೆಗಳಲ್ಲಿ ಅದೇ ಅವಧಿಯಲ್ಲಿ ಏನಾಯಿತು? ಅಲ್ಲೂ ಅಷ್ಟೇ ಇಳಿದಿದ್ದರೆ ಕಾರಣ ಬೇರೆ ಇದೆ. ಸಾವಿನ ಜೊತೆಗೆ ತೀವ್ರ ಗಾಯಗಳ ಲೆಕ್ಕವನ್ನೂ ಕೇಳಿ. ಗಾಯದ ಸಂಖ್ಯೆ ದೊಡ್ಡದಿರುತ್ತದೆ, ಹಾಗಾಗಿ ಆಕಸ್ಮಿಕದ ಏರಿಳಿತ ಅದರಲ್ಲಿ ಕಡಿಮೆ. ಪೊಲೀಸರ ಲೆಕ್ಕದ ಜೊತೆಗೆ ಆಸ್ಪತ್ರೆಯ ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು. ಎಲ್ಲ ದೇಶಗಳಲ್ಲೂ ಎಷ್ಟೋ ಗಾಯಗಳು ಪೊಲೀಸರ ಪುಸ್ತಕಕ್ಕೆ ಬರುವುದೇ ಇಲ್ಲ. ನಡೆದು ಹೋಗುವವರು, ಸೈಕಲ್ ಸವಾರರು ಬಿದ್ದು ಕೈಕಾಲು ಮುರಿದುಕೊಂಡದ್ದು ಆಸ್ಪತ್ರೆಗೆ ಗೊತ್ತು, ಠಾಣೆಗೆ ಗೊತ್ತಿಲ್ಲ. ಸಾವಿನ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಅಪಘಾತವಾಗಿ 30 ದಿನದ ಒಳಗೆ ತೀರಿಕೊಂಡರೆ ಅದನ್ನು ರಸ್ತೆ ಸಾವು ಎಂದು ಎಣಿಸಬೇಕು ಎನ್ನುವುದು ಅಂತರರಾಷ್ಟ್ರೀಯ ರೂಢಿ. ಸ್ಥಳದಲ್ಲೇ ಸತ್ತವರನ್ನು ಮಾತ್ರ ಎಣಿಸಿದರೆ ಸಂಖ್ಯೆ ಸುಮ್ನೆ ಚಿಕ್ಕದಾಗಿ ಕಾಣುತ್ತದೆ.

ಈಗ ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ನನಗೆ ಇದು ಹೆಚ್ಚು ಮುಖ್ಯ.

ಇಂಗ್ಲೆಂಡಿನಲ್ಲಿ 1971ರಲ್ಲಿ 7–8 ವರ್ಷದ ಮಕ್ಕಳಲ್ಲಿ ಶೇಕಡಾ 80ರಷ್ಟು ಮಂದಿ ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಅದೇ ಪ್ರಶ್ನೆ ಇಟ್ಟುಕೊಂಡು ಸಂಶೋಧಕರು ಅದೇ ಶಾಲೆಗಳಿಗೆ ಮತ್ತೆ ಹೋದರು. ಸಂಖ್ಯೆ ಶೇಕಡಾ 9ಕ್ಕೆ ಇಳಿದಿತ್ತು. ಆ ಅವಧಿಯಲ್ಲಿ ಗಾಡಿಗಳು ತುಂಬಾ ಹೆಚ್ಚಿದ್ದವು. ಆದರೂ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾಗಿತ್ತು. ಸರ್ಕಾರ ಅದನ್ನು ಸುರಕ್ಷತೆಯ ಗೆಲುವು ಎಂದು ತೋರಿಸುತ್ತಿತ್ತು. ಸಂಶೋಧಕರು ಕೇಳಿದ್ದು ಒಂದೇ ಮಾತು: ರಸ್ತೆ ಸುರಕ್ಷಿತವಾಯಿತೋ, ಅಥವಾ ಅಪಾಯ ಅಷ್ಟು ಹೆಚ್ಚಾಗಿ ಮಕ್ಕಳೇ ರಸ್ತೆಯಿಂದ ಮಾಯವಾದರೋ?

ನಿಮ್ಮ ಊರಿಗೂ ಇದೇ ಪ್ರಶ್ನೆ. ನಿಮ್ಮ ತಾಯಿ ಇನ್ನು ರಸ್ತೆ ದಾಟುವುದಿಲ್ಲ. ಹಾಗಾಗಿ ಅವರಿಗೆ ಆ ರಸ್ತೆಯಲ್ಲಿ ಡಿಕ್ಕಿಯಾಗುವ ಸಾಧ್ಯತೆಯೂ ಇಲ್ಲ. ಪುರಸಭೆಯ ಲೆಕ್ಕದಲ್ಲಿ ಅವರು ‘ಸುರಕ್ಷಿತ’. ಒಬ್ಬ ಹಿರಿಯರು ಮನೆಯೊಳಗೆ ಉಳಿದದ್ದು ಸುರಕ್ಷತೆಯ ಖಾತೆಗೆ ಜಮೆಯಾಗುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವೇ ಇಲ್ಲ. ರಸ್ತೆ ಇರುವುದು ಜನ ಓಡಾಡಲಿಕ್ಕೆ.

ಇದರಲ್ಲಿ ಇನ್ನೊಂದು ನೋವಿನ ಸಂಗತಿ ಇದೆ. ನಡೆಯುವವರು ಕಡಿಮೆಯಾದಷ್ಟೂ ಉಳಿದವರಿಗೆ ಅಪಾಯ ಹೆಚ್ಚುತ್ತದೆ. ಅಮೆರಿಕ ಮತ್ತು ಯುರೋಪಿನ ಹಲವು ಊರುಗಳ ಲೆಕ್ಕ ಹೋಲಿಸಿದ ಒಂದು ಅಧ್ಯಯನ 2003ರಲ್ಲಿ ಬಂತು. ನಡೆಯುವವರು ದುಪ್ಪಟ್ಟಾದರೆ ಅವರಿಗಾಗುವ ಡಿಕ್ಕಿಗಳು ದುಪ್ಪಟ್ಟಾಗುವುದಿಲ್ಲ, ಸುಮಾರು ಮೂರನೇ ಒಂದರಷ್ಟು ಮಾತ್ರ ಹೆಚ್ಚುತ್ತವೆ ಎಂದು ಅದರಲ್ಲಿ ಕಂಡುಬಂತು. ಜನ ಇರುವ ಕಡೆ ಚಾಲಕರ ಕಣ್ಣು ಜನರನ್ನು ಹುಡುಕುತ್ತದೆ. ಯಾರೂ ಇಲ್ಲದ ಕಡೆ ಕಣ್ಣು ದೂರದ ಸಿಗ್ನಲ್ ಮೇಲೆ ಇರುತ್ತದೆ. ನಿಮ್ಮ ತಾಯಿಯಂಥವರು ಒಬ್ಬೊಬ್ಬರೇ ಹಿಂದೆ ಸರಿದ ಹಾಗೆ, ಬೇರೆ ದಾರಿ ಇಲ್ಲದೆ ದಾಟಲೇಬೇಕಾದವರಿಗೆ ಆ ರಸ್ತೆ ಇನ್ನಷ್ಟು ಕಠಿಣವಾಗುತ್ತದೆ.

ನಗರದ ಅಂಚಿನ ಊರುಗಳಲ್ಲೇ ಇದು ಯಾಕೆ ಇಷ್ಟು ಜಾಸ್ತಿ? ಆ ರಸ್ತೆ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಒಂದು ಕಾಲದಲ್ಲಿ ಅದು ಎರಡು ಊರುಗಳನ್ನು ಜೋಡಿಸುವ ದಾರಿಯಾಗಿತ್ತು. ಅಗಲ, ನೇರ, ವೇಗ. ಆಮೇಲೆ ಊರು ಬೆಳೆಯಿತು. ಅಂಗಡಿ ಬಂದವು, ಮನೆ ಬಂದವು, ಶಾಲೆ ಬಂತು, ಬಸ್ ನಿಲ್ದಾಣ ಬಂತು. ಪ್ರತಿ ಗೇಟಿನಿಂದಲೂ ಗಾಡಿ ಹೊರಬರತೊಡಗಿತು. ರಸ್ತೆಯ ರೂಪ ಮಾತ್ರ ಹಳೆಯದೇ ಉಳಿಯಿತು. ಈಗ ಅದು ಹೆದ್ದಾರಿಯೂ ಹೌದು, ಊರಿನ ಬೀದಿಯೂ ಹೌದು. ಎರಡೂ ಕೆಲಸವನ್ನು ಒಂದೇ ರಸ್ತೆ ಮಾಡಲು ಹೋದಾಗ ಜನ ಸಾಯುತ್ತಾರೆ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಮರೋನ್ ಇಂಥ ರಸ್ತೆಗೆ ‘ಸ್ಟ್ರೋಡ್’ ಎಂದು ಹೆಸರಿಟ್ಟರು, ಸ್ಟ್ರೀಟ್ ಮತ್ತು ರೋಡ್ ಸೇರಿಸಿ. ಆ ದೇಶದಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ಗಾಡಿ ಬಡಿದು ಸತ್ತಿದ್ದರು. 2022ರ ಹೊತ್ತಿಗೆ ಆ ಸಂಖ್ಯೆ 7,500 ದಾಟಿತು. ಹೆಚ್ಚಿನ ಸಾವುಗಳು ಇಂಥ ಅಗಲ ರಸ್ತೆಗಳಲ್ಲಿ, ಕತ್ತಲಾದ ಮೇಲೆ, ಜಂಕ್ಷನ್‌ನಿಂದ ದೂರದಲ್ಲಿ ಆದವು.

ಚಾಲಕರ ಮನಸ್ಸಿನ ವಿಷಯವೂ ಇದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ವೇಗವಾಗಿ ಬಂದವರಿಗೆ ಊರೊಳಗೆ 60 ಕಿಲೋಮೀಟರ್ ವೇಗ ತೆವಳುತ್ತಿರುವ ಹಾಗೆ ಅನಿಸುತ್ತದೆ. ಅವರು ಬೇಕೆಂದು ತಪ್ಪು ಮಾಡುತ್ತಿಲ್ಲ. ಅವರ ಅಂದಾಜೇ ಕೆಟ್ಟಿರುತ್ತದೆ. ರಸ್ತೆ ಅಗಲವಾಗಿದ್ದು, ನೇರವಾಗಿದ್ದು, ದೂರದವರೆಗೆ ಕಾಣುತ್ತಿದ್ದರೆ ಪಾದ ತಾನಾಗಿ ಒತ್ತುತ್ತದೆ. 40 ಎಂದು ಬರೆದ ಬೋರ್ಡ್ ಒಂದು ಕಡೆ, 70ಕ್ಕೆ ಹೊಂದುವ ರಸ್ತೆ ಇನ್ನೊಂದು ಕಡೆ. ಗೆಲ್ಲುವುದು ರಸ್ತೆಯೇ.

ವೇಗ ಅಂದೆ. ಇಡೀ ಉತ್ತರದಲ್ಲಿ ಒಂದೇ ಒಂದು ವಿಷಯ ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಅದು ವೇಗವಾಗಿರಲಿ.

ಒಂದು ಲೆಕ್ಕ ಮಾಡೋಣ. ಒಂದು ಮಗು ರಸ್ತೆಗೆ ಓಡಿ ಬರುತ್ತದೆ. ಚಾಲಕರು ನೋಡಿ, ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡ್ ಬೇಕು. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ ಅಂದುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಟ್ಟು 13 ಮೀಟರ್ ಚಿಲ್ಲರೆ ದೂರದಲ್ಲಿ ಪೂರ್ತಿ ನಿಲ್ಲುತ್ತದೆ. ಅದೇ ಜಾಗದಲ್ಲಿ 50ರ ವೇಗದ ಕಾರು ಏನಾಗಿರುತ್ತದೆ? ಅದು ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗುತ್ತದೆ. ಅಂದರೆ ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯ ಕಾರಿನ ಚಾಲಕರು ಇನ್ನೂ ಬ್ರೇಕ್ ಒತ್ತಿಯೇ ಇಲ್ಲ. ಮಗುವಿಗೆ ಬಡಿಯುವುದು ಪೂರ್ತಿ 50ರ ವೇಗದಲ್ಲಿ. ಇನ್ನೊಂದು ಹೋಲಿಕೆ: 50ರ ಕಾರು ನಿಲ್ಲಲು ಸುಮಾರು 28 ಮೀಟರ್ ಬೇಕು. 60ರಲ್ಲಿ ಬರುತ್ತಿದ್ದ ಕಾರು ಆ 28ನೇ ಮೀಟರಿನಲ್ಲಿ ಇನ್ನೂ 40ರ ವೇಗದಲ್ಲಿರುತ್ತದೆ. ಸ್ಪೀಡೋಮೀಟರ್‌ನಲ್ಲಿ ಕಾಣುವ ವ್ಯತ್ಯಾಸ ಹತ್ತೇ ಕಿಲೋಮೀಟರ್. ಎದುರಿಗೆ ನಿಂತವರಿಗೆ ಅದು ಪಾರಾಗುವುದಕ್ಕೂ 40ರ ಹೊಡೆತ ತಿನ್ನುವುದಕ್ಕೂ ಇರುವ ವ್ಯತ್ಯಾಸ.

ಇಡೀ ಊರಿನ ಮಟ್ಟದಲ್ಲೂ ಇದೇ ನಿಯಮ ನಡೆಯುತ್ತದೆ. ಸ್ವೀಡನ್ನಿನ ಯೊರಾನ್ ನಿಲ್ಸನ್ ಎಂಬ ಸಂಶೋಧಕರು ವೇಗದ ಮಿತಿ ಬದಲಾದ ರಸ್ತೆಗಳ ಲೆಕ್ಕವನ್ನು ದಶಕಗಳ ಕಾಲ ನೋಡಿ ಒಂದು ಸಂಬಂಧ ಕಂಡುಕೊಂಡರು. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವಿನ ಅಪಘಾತಗಳು ಸುಮಾರು ಶೇಕಡಾ 4ರಷ್ಟು ಏರುತ್ತವೆ. ಇಳಿದರೂ ಅದೇ ರೀತಿ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇದೇ ಅಂಕಿಯನ್ನು ಬಳಸುತ್ತದೆ. ಪಾದಚಾರಿಗೆ ಕಾರಿನ ಮುಂಭಾಗ ಬಡಿದಾಗ ಸಾವಿನ ಅಪಾಯ 50ರಿಂದ 65 ಕಿಲೋಮೀಟರಿಗೆ ಏರುವಷ್ಟರಲ್ಲಿ ನಾಲ್ಕೂವರೆ ಪಟ್ಟು ಆಗುತ್ತದೆ ಎನ್ನುವುದೂ ಆ ಸಂಸ್ಥೆ ಕೊಡುವ ಲೆಕ್ಕ.

2020ರಲ್ಲಿ ಇಡೀ ಜಗತ್ತು ಮನೆಯೊಳಗೆ ಕೂತಾಗ ಇದಕ್ಕೆ ಒಂದು ದೊಡ್ಡ ಪುರಾವೆ ಸಿಕ್ಕಿತು. ಅಮೆರಿಕದಲ್ಲಿ ಗಾಡಿ ಓಡಾಟ ಶೇಕಡಾ 10ಕ್ಕಿಂತ ಹೆಚ್ಚು ಇಳಿಯಿತು. ಸಾವು ಇಳಿಯಬೇಕಿತ್ತು, ಅಲ್ವಾ? 2019ರಲ್ಲಿ 36,000 ಚಿಲ್ಲರೆ ಇದ್ದದ್ದು 2020ರಲ್ಲಿ 39,000ಕ್ಕೆ ಏರಿತು. 2021ರಲ್ಲಿ 43,000ದ ಹತ್ತಿರ ಹೋಯಿತು. ಖಾಲಿ ರಸ್ತೆ ಸಿಕ್ಕಾಗ ವೇಗ ಏರಿತು, ಸೀಟ್ ಬೆಲ್ಟ್ ಹಾಕದವರೂ ಹೆಚ್ಚಾದರು. ದಟ್ಟಣೆ ಇದ್ದಾಗ ಬರೀ ತೊಂದರೆ ಅನಿಸುತ್ತಿದ್ದದ್ದು, ವೇಗಕ್ಕೆ ಕಡಿವಾಣವೂ ಆಗಿತ್ತು. ಊರಿನವರು ‘ಟ್ರಾಫಿಕ್ ಜಾಸ್ತಿಯಾಗಿದೆ, ರಸ್ತೆ ಅಗಲ ಮಾಡಿ’ ಎಂದು ಕೇಳುವಾಗ ಇದನ್ನು ಒಮ್ಮೆ ಯೋಚಿಸಬೇಕು. ಅಗಲ ಮಾಡಿದರೆ ಹಗಲಿನ ಎರಡು ಗಂಟೆಯ ದಟ್ಟಣೆ ಕಡಿಮೆಯಾಗಬಹುದು. ರಾತ್ರಿಯಿಡೀ ಆ ಅಗಲ ವೇಗಕ್ಕೆ ಬಳಕೆಯಾಗುತ್ತದೆ.

ಎಚ್ಚರಿಕೆಯ ಬಗ್ಗೆ ಒಂದು ಮಾತು. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ಸಂಚಾರವನ್ನು ಎಡದಿಂದ ಬಲಕ್ಕೆ ಬದಲಾಯಿಸಿತು. ಅಪಘಾತ ಏರುತ್ತದೆ ಎಂದು ಎಲ್ಲರೂ ಹೆದರಿದ್ದರು. ಆದದ್ದು ಉಲ್ಟಾ. ಎಲ್ಲರೂ ಮೈಯೆಲ್ಲಾ ಕಣ್ಣಾಗಿ ಓಡಿಸಿದರು, ಅಪಘಾತ ಇಳಿಯಿತು. ಆದರೆ ಒಂದೆರಡು ವರ್ಷದಲ್ಲಿ ಹೊಸ ರೀತಿ ಅಭ್ಯಾಸವಾಯಿತು, ಸಂಖ್ಯೆ ಹಳೆಯ ದಾರಿಗೇ ಮರಳಿತು. ಬರೀ ಎಚ್ಚರಿಕೆಯನ್ನು ನಂಬಿ ಮಾಡುವ ಅಭಿಯಾನಗಳ ಮೇಲೆ ನನಗೆ ಭರವಸೆ ಕಡಿಮೆ ಇರುವುದು ಈ ಕಾರಣಕ್ಕೇ. ಫಲಕ, ಪೋಸ್ಟರ್, ಭಾಷಣ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಪರಿಹಾರ ಎಂದು ಹೇಳಿ ರಸ್ತೆಯನ್ನು ಹಾಗೇ ಬಿಟ್ಟರೆ ಅದು ಜವಾಬ್ದಾರಿಯಿಂದ ಜಾರಿಕೊಂಡ ಹಾಗೆ.

ಅಪಘಾತದ ವರದಿಗಳಲ್ಲಿ ‘ಚಾಲಕರ ತಪ್ಪು’ ಎನ್ನುವ ಎರಡು ಪದ ಬರೆದು ಮುಗಿಸುವುದನ್ನು ನೋಡಿದಾಗಲೂ ನನಗೆ ಹೀಗೇ ಸಂಕಟವಾಗುತ್ತದೆ. ತಪ್ಪು ಇರಬಹುದು. ಮನುಷ್ಯರು ತಪ್ಪು ಮಾಡುತ್ತಾರೆ, ನಾಳೆಯೂ ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಸೆಕೆಂಡಿನ ತಪ್ಪಿಗೆ ಒಂದು ಜೀವ ಹೋಗುವ ಹಾಗೆ ಆ ಜಾಗವನ್ನು ಯಾಕೆ ಕಟ್ಟಿದ್ದರು? ಸ್ವೀಡನ್ ಸಂಸತ್ತು 1997ರಲ್ಲಿ ಒಪ್ಪಿಕೊಂಡ ‘ವಿಷನ್ ಝೀರೋ’ ನೀತಿಯ ತಿರುಳು ಇದೇ. ರಸ್ತೆ ಕಟ್ಟುವವರೂ ಸಾವಿಗೆ ಜವಾಬ್ದಾರರು ಎಂದು ಅದು ಹೇಳಿತು. ಎದುರುಬದುರು ಡಿಕ್ಕಿ ಆಗುತ್ತಿದ್ದ ರಸ್ತೆಗಳ ನಡುವೆ ಉಕ್ಕಿನ ಹಗ್ಗದ ತಡೆ ಕಟ್ಟಿದರು. ಊರೊಳಗೆ ವೇಗ ಇಳಿಸಿದರು. ಜಂಕ್ಷನ್‌ಗಳನ್ನು ತಿದ್ದಿದರು. 1997ರಲ್ಲಿ ಆ ದೇಶದಲ್ಲಿ 541 ಜನ ರಸ್ತೆಯಲ್ಲಿ ಸತ್ತಿದ್ದರು, 2020ರಲ್ಲಿ 204. ಇದು ಒಂದು ವರ್ಷದ ಏರಿಳಿತ ಅಲ್ಲ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ಇಳಿಕೆ. ಪುರಸಭೆಯವರು ತೋರಿಸಬೇಕಾದದ್ದು ಈ ಥರದ ಗೆರೆ.

ನಿಮ್ಮಂಥದೇ ಊರುಗಳ ಉದಾಹರಣೆ ಬೇಕು ಅನ್ನುತ್ತೀರೇನೋ. ಎರಡು ಹೇಳುತ್ತೇನೆ.

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಇಂಡಿಯಾನಾಪೊಲಿಸ್ ನಗರದ ಪಕ್ಕ ಕಾರ್ಮೆಲ್ ಎಂಬ ಊರಿದೆ. ಸುಮಾರು ಒಂದು ಲಕ್ಷ ಜನ. 1996ರಿಂದ 2023ರವರೆಗೆ ಮೇಯರ್ ಆಗಿದ್ದ ಜಿಮ್ ಬ್ರೈನಾರ್ಡ್ ಸಿಗ್ನಲ್ ಜಂಕ್ಷನ್‌ಗಳನ್ನು ಒಂದೊಂದಾಗಿ ರೌಂಡ್‌ಅಬೌಟ್ ಮಾಡಿಸಿದರು. ಅಂದರೆ ನಡುವೆ ದುಂಡನೆಯ ದಿಬ್ಬ, ಎಲ್ಲರೂ ನಿಧಾನಿಸಿ ಅದನ್ನು ಸುತ್ತಿ ಹೋಗಬೇಕು. ಈಗ ಅಲ್ಲಿ 150ಕ್ಕೂ ಹೆಚ್ಚು ಇವೆ. ಇದರ ತರ್ಕ ಸರಳ. ನಾಲ್ಕು ರಸ್ತೆ ಸೇರುವ ಸಾಮಾನ್ಯ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಬಿಂದುಗಳು 32. ಒಂದೇ ಸಾಲಿನ ರೌಂಡ್‌ಅಬೌಟ್‌ನಲ್ಲಿ 8. ಉಳಿದ ಆ 8ರಲ್ಲೂ ಗಾಡಿಗಳು ನಿಧಾನವಾಗಿ, ಓರೆಯಾಗಿ ತಾಗುತ್ತವೆ. ಪಕ್ಕದಿಂದ ನೇರವಾಗಿ ಬಂದು ಗುದ್ದುವುದು ತಪ್ಪುತ್ತದೆ. ಅಮೆರಿಕದಲ್ಲೇ ಹೀಗೆ ಬದಲಾಯಿಸಿದ 24 ಜಂಕ್ಷನ್‌ಗಳನ್ನು ಅಧ್ಯಯನ ಮಾಡಿದಾಗ ಒಟ್ಟು ಅಪಘಾತ ಶೇಕಡಾ 39ರಷ್ಟು ಇಳಿದಿತ್ತು, ಗಾಯದ ಅಪಘಾತ ಶೇಕಡಾ 76ರಷ್ಟು ಇಳಿದಿತ್ತು. ಆ ಅಧ್ಯಯನ ಮಾಡಿದವರು ನಾನು ಮೇಲೆ ಹೇಳಿದ ದಾಳದ ಮೋಸವನ್ನು ಲೆಕ್ಕದಿಂದ ಕಳೆದೇ ಈ ಅಂಕಿ ಕೊಟ್ಟರು. ಎರಡು ಮೂರು ಸಾಲಿನ ದೊಡ್ಡ ರೌಂಡ್‌ಅಬೌಟ್‌ಗಳಲ್ಲಿ ಮಾತ್ರ ಬಂಪರ್ ತಾಗುವ ಸಣ್ಣ ಅಪಘಾತ ಹೆಚ್ಚಾಗುವುದೂ ಉಂಟು. ಒಟ್ಟು ಸಂಖ್ಯೆಯನ್ನಷ್ಟೇ ನೋಡುವವರು ಆಗ ‘ಅಪಘಾತ ಹೆಚ್ಚಾಯಿತು’ ಅನ್ನುತ್ತಾರೆ. ಬಂಪರ್ ಒಡೆಯುವುದೂ ಬೆನ್ನುಮೂಳೆ ಮುರಿಯುವುದೂ ಒಂದೇ ಸಾಲಿನಲ್ಲಿ ಎಣಿಸುವ ವಿಷಯಗಳಲ್ಲ.

ಇನ್ನೊಂದು ಊರು ಹೊಬೋಕನ್. ನ್ಯೂಯಾರ್ಕ್ ನಗರದ ಎದುರು, ನದಿಯ ಆಚೆ ದಡದಲ್ಲಿದೆ. ಸುಮಾರು 60,000 ಜನ. 2017ರ ಜನವರಿಯ ನಂತರ ಏಳು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಬೀದಿಗಳಲ್ಲಿ ಒಂದೂ ಸಾವು ಆಗಲಿಲ್ಲ. ಅವರು ಮಾಡಿದ ಮುಖ್ಯ ಕೆಲಸ ತೀರಾ ಚಿಕ್ಕದು. ಮೂಲೆಗಳ ಹತ್ತಿರ ಗಾಡಿ ನಿಲ್ಲಿಸುವುದನ್ನು ತಡೆದರು. ಬೋರ್ಡ್ ಹಾಕಿ ಸುಮ್ಮನಾಗಲಿಲ್ಲ. ಆ ಜಾಗದಲ್ಲಿ ಕಂಬ, ಗಿಡದ ತೊಟ್ಟಿ, ಸೈಕಲ್ ಸ್ಟ್ಯಾಂಡ್ ಇಟ್ಟರು. ನಿಲ್ಲಿಸಲು ಜಾಗವೇ ಇಲ್ಲದ ಹಾಗೆ ಮಾಡಿದರು. ದಾಟುವವರು ಚಾಲಕರಿಗೆ ಕಾಣತೊಡಗಿದರು, ಚಾಲಕರು ದಾಟುವವರಿಗೆ ಕಾಣತೊಡಗಿದರು. 2022ರಲ್ಲಿ ಊರಿನ ವೇಗದ ಮಿತಿಯನ್ನು ಗಂಟೆಗೆ ಸುಮಾರು 32 ಕಿಲೋಮೀಟರಿಗೆ ಇಳಿಸಿದರು. ಹೊಬೋಕನ್‌ನ ಬೀದಿಗಳು ಹಳೆಯವು, ಕಿರಿದಾದವು. ನಿಮ್ಮ ಅಗಲ ರಸ್ತೆಗೆ ಇನ್ನೂ ಹೆಚ್ಚಿನ ಕೆಲಸ ಬೇಕಾಗುತ್ತದೆ. ಆದರೆ ಮೂಲೆಗಳನ್ನು ಖಾಲಿ ಮಾಡುವ ಕೆಲಸ ಎಲ್ಲಿ ಬೇಕಾದರೂ ಮಾಡಬಹುದು.

ನಿಮ್ಮ ಊರಿನ ರಸ್ತೆಗೆ ನಾನು ಮೊದಲು ಕೇಳುವುದು ನಡುವಿನ ಆಸರೆ ದ್ವೀಪ. ದಾಟುವವರು ಅರ್ಧ ದಾರಿಯಲ್ಲಿ ನಿಂತು ಉಸಿರು ಬಿಡುವಂಥ, ಎತ್ತರದ ಕಟ್ಟೆ ಇರುವ ಜಾಗ. ಯಾಕೆ ಅಂತ ನಿಮ್ಮ ತಾಯಿಯ ಕಣ್ಣಿನಿಂದ ನೋಡೋಣ. ರಸ್ತೆ 14 ಮೀಟರ್ ಅಗಲ ಇದೆ ಅಂದುಕೊಳ್ಳಿ. ಸಿಗ್ನಲ್ ಲೆಕ್ಕ ಹಾಕುವವರು ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಬಹುಕಾಲದಿಂದ ಹಿಡಿಯುತ್ತಾ ಬಂದಿದ್ದಾರೆ. ಎಷ್ಟೋ ಹಿರಿಯರ ನಡಿಗೆ 0.8 ಮೀಟರ್ ಅಷ್ಟೇ. ಅವರಿಗೆ ಆ ರಸ್ತೆ ದಾಟಲು ಹದಿನೇಳೂವರೆ ಸೆಕೆಂಡ್ ಬೇಕು. 60ರ ವೇಗದ ಕಾರು ಅಷ್ಟರಲ್ಲಿ ಸುಮಾರು 290 ಮೀಟರ್ ಬರುತ್ತದೆ. ಅಂದರೆ ಎರಡೂ ದಿಕ್ಕಿನಲ್ಲಿ ಸುಮಾರು 300 ಮೀಟರ್ ಖಾಲಿ ಇದ್ದರೆ ಮಾತ್ರ ಅವರು ನೆಮ್ಮದಿಯಿಂದ ಕಾಲಿಡಬಹುದು. ಅಂಥ ಕ್ಷಣ ದಿನಕ್ಕೆ ಎಷ್ಟು ಸಲ ಬರುತ್ತದೆ? ಅವರು ಗ್ರಂಥಾಲಯ ಬಿಟ್ಟದ್ದು ಅಂಜುಬುರುಕುತನದಿಂದ ಅಲ್ಲ. ಅವರು ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದಾರೆ.

ನಡುವೆ ದ್ವೀಪ ಇದ್ದರೆ? ಒಂದು ಸಲಕ್ಕೆ 7 ಮೀಟರ್, ಸುಮಾರು 9 ಸೆಕೆಂಡ್, ಒಂದೇ ದಿಕ್ಕು ನೋಡಿದರೆ ಸಾಕು. ಅದರ ಜೊತೆ ವೇಗವೂ 40ಕ್ಕೆ ಇಳಿದರೆ ಬೇಕಾದ ಅಂತರ 100 ಮೀಟರಿಗಿಂತ ಕಡಿಮೆ. 300 ಮೀಟರ್ ಎಲ್ಲಿ, 100 ಮೀಟರ್ ಎಲ್ಲಿ! ಅಮೆರಿಕದ ಹೆದ್ದಾರಿ ಇಲಾಖೆ ಆಸರೆ ದ್ವೀಪಗಳಿಂದ ಪಾದಚಾರಿ ಅಪಘಾತ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಎಂದು ಲೆಕ್ಕ ಕೊಡುತ್ತದೆ. ಜೊತೆಗೆ ಆ ದ್ವೀಪ ರಸ್ತೆಯನ್ನು ಕಿರಿದಾಗಿ ಕಾಣಿಸುತ್ತದೆ, ಚಾಲಕರ ಪಾದ ತಾನಾಗಿ ಹಗುರಾಗುತ್ತದೆ. ದ್ವೀಪ ಇಲ್ಲದೆ, ಬೆಳಕಿಲ್ಲದೆ, ನಾಲ್ಕು ಸಾಲಿನ ವೇಗದ ರಸ್ತೆಗೆ ಬರೀ ಜೀಬ್ರಾ ಪಟ್ಟೆ ಬಳಿದು ಹೋಗಲು ಮಾತ್ರ ಬಿಡಬೇಡಿ. ಪಟ್ಟೆ ದಾಟುವವರಿಗೆ ಧೈರ್ಯ ಕೊಡುತ್ತದೆ, ಗಾಡಿಯನ್ನು ನಿಲ್ಲಿಸುವುದಿಲ್ಲ.

ಮಗಳ ವಿಷಯ. ಲಂಡನ್ನಿನ ಸಂಶೋಧಕರು ಸುಮಾರು ಒಂದೂವರೆ ದಶಕದ ಹಿಂದೆ ಒಂದು ಪ್ರಯೋಗ ಮಾಡಿದರು. ಗಂಟೆಗೆ 32 ಕಿಲೋಮೀಟರಿಗಿಂತ ಜೋರಾಗಿ ಬರುವ ಗಾಡಿ ತನ್ನ ಕಡೆಗೇ ಬರುತ್ತಿದೆ ಎನ್ನುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಎಷ್ಟೋ ಸಲ ಗುರುತಿಸುವುದೇ ಇಲ್ಲ ಎಂದು ಅದರಲ್ಲಿ ಕಂಡಿತು. ಅದು ಗಮನ ಇಲ್ಲದ್ದರಿಂದ ಆಗುವುದಲ್ಲ. ನೋಡುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ‘ನೋಡಿ ದಾಟು’ ಎಂದು ಎಷ್ಟು ಸಲ ಹೇಳಿದರೂ ಆ ಮಿತಿ ಬದಲಾಗುವುದಿಲ್ಲ. ಶಾಲೆಯ ಸುತ್ತ ವೇಗ 30ರ ಒಳಗೆ ಇರಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಬೋರ್ಡ್‌ನಲ್ಲಿ 30 ಬರೆದರೆ ಸಾಲದು. ಹಂಪ್, ಎತ್ತರಿಸಿದ ದಾಟುವ ಜಾಗ, ಕಿರಿದಾದ ಸಾಲು, ಇವುಗಳಿಂದ ಗಾಡಿ ನಿಜಕ್ಕೂ 30ರಲ್ಲಿ ಹೋಗುವಂತಾಗಬೇಕು. ಅಲ್ಲಿಯವರೆಗೆ ಮಗಳ ಜೊತೆ ನೀವೇ ಹೋಗಿ. ನಿಮ್ಮ ನಿರ್ಧಾರ ಸರಿಯಾಗಿದೆ.

ಇನ್ನು ನೀವು ಮಾಡಬಹುದಾದ ಕೆಲಸ. ಸಾವು ಎಣಿಸುತ್ತಾ ಐದು ವರ್ಷ ಕಾಯುವುದು ಬೇಡ. ವೇಗವನ್ನು ಈ ವಾರವೇ ಅಳೆಯಬಹುದು. ಫುಟ್‌ಪಾತಿನ ಉದ್ದಕ್ಕೆ 100 ಮೀಟರ್ ಅಳತೆ ಮಾಡಿ. ಎರಡೂ ತುದಿಗೆ ಒಂದು ಕಂಬವೋ ಮರವೋ ಗುರುತು ಇಟ್ಟುಕೊಳ್ಳಿ. ಇಬ್ಬರು ಬೇಕು. ಗಾಡಿ ಮೊದಲ ಗುರುತು ದಾಟಿದಾಗ ಒಬ್ಬರು ಕೈ ಎತ್ತಲಿ, ಇನ್ನೊಬ್ಬರು ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಲಿ, ಎರಡನೆಯ ಗುರುತು ದಾಟಿದಾಗ ನಿಲ್ಲಿಸಲಿ. 12 ಸೆಕೆಂಡ್ ತೆಗೆದುಕೊಂಡರೆ ಗಂಟೆಗೆ 30 ಕಿಲೋಮೀಟರ್. 7.2 ಸೆಕೆಂಡ್ ಅಂದರೆ 50. 6 ಸೆಕೆಂಡ್ ಅಂದರೆ 60. ಮುಂದೆ ಬೇರೆ ಗಾಡಿ ಅಡ್ಡ ಇಲ್ಲದೆ ಹೋಗುತ್ತಿರುವ 100 ಗಾಡಿಗಳನ್ನು ಅಳೆಯಿರಿ. ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಿಧಾನದಿಂದ ಜೋರಿಗೆ ಸಾಲಾಗಿ ಬರೆದು 85ನೆಯ ಗಾಡಿಯ ವೇಗ ನೋಡಿ. ರಸ್ತೆ ಎಂಜಿನಿಯರ್‌ಗಳು ದಿನವೂ ಬಳಸುವ ಅಳತೆ ಅದು. ‘ಗಾಡಿಗಳು ತುಂಬಾ ಜೋರಾಗಿ ಹೋಗುತ್ತವೆ’ ಎನ್ನುವ ದೂರನ್ನು ಯಾರೂ ಕಡತಕ್ಕೆ ಸೇರಿಸುವುದಿಲ್ಲ. 85ನೆಯ ಗಾಡಿಯ ವೇಗ, ದಿನಾಂಕ, ಹೊತ್ತು ಬರೆದು ಕೊಟ್ಟರೆ ಉತ್ತರ ಕೊಡಬೇಕಾಗುತ್ತದೆ.

ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಳನ್ನೂ ಬರೆದಿಡಿ. ಕಿರುಗುಟ್ಟುವ ಬ್ರೇಕ್, ಹಿಂದಕ್ಕೆ ನೆಗೆದ ಪಾದಚಾರಿ, ಸರಕ್ಕನೆ ತಿರುಗಿಸಿದ ಬೈಕ್. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಇದನ್ನೇ ಒಂದು ವಿಧಾನವಾಗಿ ಬೆಳೆಸಿದ್ದಾರೆ. ಒಂದು ಜಂಕ್ಷನ್ ಪಕ್ಕ ಕೆಲವು ದಿನ ಕೂತು ಇವನ್ನು ಎಣಿಸಿದರೆ, ಅಲ್ಲಿ ಯಾವ ಥರದ ಅಪಘಾತ ಆಗುತ್ತದೆ ಎನ್ನುವುದು ಅದು ಆಗುವ ಮೊದಲೇ ಕಾಣತೊಡಗುತ್ತದೆ. ಬೆಳಿಗ್ಗೆ ಶಾಲೆಯ ಹೊತ್ತು ಒಂದು ಗಂಟೆ, ಸಂಜೆ ಕತ್ತಲಾಗುವ ಹೊತ್ತು ಒಂದು ಗಂಟೆ ಸಾಕು.

ಈ ಎಲ್ಲದಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ. ನಿಮ್ಮ ತಾಯಿಯವರ ಜೊತೆ ಮನೆಯ ಅಂಗಳದಲ್ಲೋ ಖಾಲಿ ಬೀದಿಯಲ್ಲೋ ರಸ್ತೆಯ ಅಗಲದಷ್ಟು ದೂರ ನಡೆದು, ಎಷ್ಟು ಸೆಕೆಂಡ್ ಆಗುತ್ತದೆ ನೋಡಿ. ಅವಸರ ಮಾಡಿಸಬೇಡಿ. ಆಮೇಲೆ ನೀವೊಬ್ಬರೇ ಗ್ರಂಥಾಲಯದ ಎದುರು ನಿಂತು, ಗಾಡಿಗಳ ನಡುವೆ ಅಷ್ಟು ಸೆಕೆಂಡಿನ ಬಿಡುವು ಒಂದು ಗಂಟೆಯಲ್ಲಿ ಎಷ್ಟು ಸಲ ಸಿಕ್ಕಿತು ಎಂದು ಎಣಿಸಿ. ಪುರಸಭೆಯವರು ಕಳೆದ ವರ್ಷದ ಅಂಕಿ ಓದುವ ಸಭೆಗೆ ಆ ಎರಡು ಸಂಖ್ಯೆಗಳನ್ನು ತೆಗೆದುಕೊಂಡು ಹೋಗಿ. ಸಾಧ್ಯವಾದರೆ ತಾಯಿಯವರನ್ನೂ ಕರೆದುಕೊಂಡು ಹೋಗಿ.